ನಲವತ್ತು ಗಂಟಿನ ದಾರ

ನಮ್ಮ ಮನೆಯಲ್ಲಿ ದಾರ ಬಿಸಾಡುವ ಪದ್ಧತಿ ಇಲ್ಲ. ಮಿಠಾಯಿ ಪೊಟ್ಟಣಕ್ಕೆ ಸುತ್ತಿದ್ದು, ಹೂಮಾಲೆಯಿಂದ ಉಳಿದದ್ದು, ಹೊಸ ಕೊಡೆಗೆ ಕಟ್ಟಿ ಕೊಟ್ಟದ್ದು, ಎಲ್ಲವೂ ನನ್ನ ಜೇಬು ಸೇರುತ್ತವೆ. ಬಟ್ಟೆ ಒಗೆಯುವ ಮುನ್ನ ನನ್ನ ಹೆಂಡತಿ ಸುವರ್ಣಾ ಜೇಬು ಜಾಡಿಸಿ, ಸಿಕ್ಕ ದಾರವನ್ನೆಲ್ಲ ಕಿಟಕಿಯ ಮೊಳೆಗೆ ಸಿಕ್ಕಿಸುತ್ತಾಳೆ. "ನೀವು ಗುಬ್ಬಿ ಆಗಿ ಹುಟ್ಟಬೇಕಿತ್ತು ನೋಡ್ರಿ. ಒಂದು ಗೂಡರ ಆಗತಿತ್ತು," ಎನ್ನುತ್ತಾಳೆ. ನಾನು ನಗುತ್ತೇನೆ. ನಗುವುದನ್ನು ಚೆನ್ನಾಗಿ ಕಲಿತಿದ್ದೇನೆ.

ದಾರ ಕೈಗೆ ಬಂದರೆ ಬೆರಳು ಸುಮ್ಮನಿರುವುದಿಲ್ಲ, ಗಂಟು ಹಾಕತೊಡಗುತ್ತದೆ. ಪುಣೆ ಕ್ಯಾಂಪಿನ ಒಂದು ಅಂಗಡಿಯಲ್ಲಿ ಇಪ್ಪತ್ತು ವರ್ಷ ಮೀರಿ ಕ್ಯಾನ್ವಾಸ್ ಚೀಲ ಹೊಲಿದವನು ನಾನು. ಬೆರಳಿಗೆ ಆ ಚಟ ಸಹಜ ಎಂದು ಜನ ತಿಳಿಯುತ್ತಾರೆ. ತಿಳಿಯಲಿ ಎಂದು ಬಿಟ್ಟಿದ್ದೇನೆ.

ನಾನು ಓದಿದ್ದು ಮೂರನೇ ಇಯತ್ತೆ. ಅದರಲ್ಲೂ ಎರಡನೆಯದನ್ನು ಎರಡು ಸಲ ಓದಿದ್ದರಿಂದ ನಾಲ್ಕು ವರ್ಷದ ವಿದ್ಯೆ ಎಂದು ಲೆಕ್ಕ ಹಿಡಿಯಬಹುದು. ನನಗಿಂತ ಎಂಟು ವರ್ಷ ದೊಡ್ಡವಳಾದ ನಮ್ಮಕ್ಕ ಶರಣವ್ವ ಶಾಲೆಯ ಹೊಸ್ತಿಲು ತುಳಿದವಳಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಈ ಮಾತು ನಿಮ್ಮ ನೆನಪಿನಲ್ಲಿರಲಿ. ಯಾಕೆಂದರೆ ಒಮ್ಮೆ ನಾಲ್ಕು ಜನರ ಮುಂದೆ ನಾನು ಇದನ್ನೇ ತಿರುವಿ ಹೇಳಿದ್ದೇನೆ.

ನಾವು ಯಾದಗಿರಿ ಕಡೆಯವರು. ಅಪ್ಪ ಗಾರೆ ಕೆಲಸದವರ ಜೊತೆ ಪುಣೆಗೆ ಬಂದು, ಖಡಕಿಯಲ್ಲಿ ಒಂದು ಗೋಡೆಗೆ ಒರಗಿಸಿ ತಗಡಿನ ಗುಡಿಸಲು ಹಾಕಿದ. ಒಮ್ಮೆ ಅವ್ವ ಹೆರಿಗೆಗೆಂದು ಊರಿಗೆ ಹೋದಳು. ನಾನು ದಿನಾ ಅಳುವುದನ್ನು ನೋಡಲಾರದೆ ಅಕ್ಕ ಒಂದು ಸೆಣಬಿನ ಹುರಿಗೆ ಗಂಟು ಹಾಕಿ ಕಂಬಕ್ಕೆ ಕಟ್ಟಿದಳು. "ದಿನಾ ಮುಂಜಾನಿ ಒಂದು ಬಿಚ್ಚೂಣು. ಎಲ್ಲಾ ಬಿಚ್ಚಿದ ದಿನ ಅವ್ವ ಬರ್ತಾಳ." ಎರಡು ದಿನ ತಾಳಿದೆ. ಮೂರನೆಯ ದಿನ ಅಕ್ಕ ನೀರಿಗೆ ಹೋದಾಗ ಹಲ್ಲಿನಿಂದ ಕಚ್ಚಿ ಕಚ್ಚಿ ಉಳಿದಿದ್ದ ಹನ್ನೆರಡೂ ಗಂಟು ಬಿಚ್ಚಿ, ರಸ್ತೆಯ ಮೇಲೆ ಹೋಗಿ ನಿಂತೆ. ಸಂಜೆತನಕ ನಿಂತೆ. ಅವ್ವ ಬರಲಿಲ್ಲ. ಅಕ್ಕ ಬಂದು ನನ್ನನ್ನು ಎತ್ತಿಕೊಂಡು ಹೋದಳು, ಹುರಿ ಕೈಗೆತ್ತಿಕೊಂಡಳು, ಹನ್ನೆರಡು ಗಂಟು ಮತ್ತೆ ಹಾಕಿದಳು. ಎಷ್ಟು ಬಿಚ್ಚಿದೆ ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಅಕ್ಕನ ಮದುವೆ ಆದದ್ದು ರಸ್ತೆ ಕೆಲಸದ ಒಬ್ಬನ ಜೊತೆ. ಭೋರ್‌ದಿಂದ ಮೇಲಕ್ಕೆ ಗುಡ್ಡದೊಳಗೆ ಒಂದು ರಸ್ತೆ ಕಡಿಯುತ್ತಿದ್ದರು. ಅಲ್ಲಿ ಕಲ್ಲು ಉರುಳಿ ಭಾವ ತೀರಿಕೊಂಡ. ರಸ್ತೆ ಮುಗಿದು ಕೂಲಿಯವರ ಗುಂಪು ಗಂಟುಮೂಟೆ ಕಟ್ಟಿದಾಗ ಅಕ್ಕ ಹೊರಡಲಿಲ್ಲ. ರಸ್ತೆ ಮುಟ್ಟುವ ಕೊನೆಯಲ್ಲಿ ಹನ್ನೊಂದು ಮನೆಯ ಒಂದು ವಾಡಿ. ಅಲ್ಲಿನ ಹಿರಿಯ ಹೆಂಗಸು ತಾನೂಬಾಯಿ, "ಇರು, ಎಲ್ಲಿಗೆ ಹೋಗ್ತೀಯ," ಅಂದಳಂತೆ. ಅಷ್ಟಕ್ಕೆ ಅಕ್ಕ ಇದ್ದುಬಿಟ್ಟಳು. ಅವರು ಅವಳನ್ನು ಕಾನಡೀಣ ಎಂದು ಕರೆಯುತ್ತಿದ್ದರು, ಕನ್ನಡದವಳು ಎಂದು. ಅವಳ ಮರಾಠಿಯಲ್ಲಿ ಕೊನೆಯವರೆಗೂ ಜೋಳದ ರೊಟ್ಟಿಯ ವಾಸನೆ ಇತ್ತು.

ರಸ್ತೆಯವರು ಬಿಟ್ಟುಹೋದ ನಾಲ್ಕು ಕೋಣೆಯ ತಗಡಿನ ಶೆಡ್ಡು ಅಲ್ಲಿತ್ತು. ಹೆಂಗಸರು ಅದರ ಗೋಡೆ ಮೆತ್ತಿ, ನೆಲ ಸಾರಿಸಿ, ಅದಕ್ಕೆ ಬಂಗ್ಲೆ ಎಂದು ಹೆಸರಿಟ್ಟರು. ಆ ಕಾಲಕ್ಕೆ ಪುಣೆಯ ಆಫೀಸಿನವರು, ಕಾಲೇಜಿನವರು ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಹಾಕಿ ಗುಡ್ಡ ಹತ್ತಲು ಹೊರಡುತ್ತಿದ್ದರು. ಬಂದವರು ಬಂಗ್ಲೆಯಲ್ಲಿ ಮಲಗುವುದು, ಊಟ ವಾಡಿಯ ಮನೆಗಳಿಂದ ಬರುವುದು. ಊಟಕ್ಕೆ ಪಾಳಿ ಇತ್ತು. ಈ ವಾರ ಮೂರು ಮನೆ, ಬರುವ ವಾರ ಇನ್ನು ಮೂರು. ಬಂದದ್ದನ್ನು ಹನ್ನೊಂದು ಮನೆ ಹಂಚಿಕೊಳ್ಳುತ್ತಿದ್ದವು. ಈಗ ಇಂಥದಕ್ಕೆ ಭಾಷಣ ಮಾಡುತ್ತಾರೆ, ಊರವರೇ ಸೇರಿ ನಡೆಸುವ ಪ್ರವಾಸ ಅದು ಇದು ಎಂದು. ತಾನೂಬಾಯಿಗೆ ಭಾಷಣ ಗೊತ್ತಿರಲಿಲ್ಲ. ಒಂದೇ ಮನೆ ಬೇಯಿಸಿದರೆ ಉಳಿದ ಹತ್ತು ಮನೆಯ ಹೊಟ್ಟೆ ಉರಿಯುತ್ತದೆ ಎಂಬುದಷ್ಟೇ ಗೊತ್ತಿತ್ತು.

ಇದರಲ್ಲಿ ನಾನು ಸೇರಿಕೊಂಡದ್ದು ಚೀಲದ ಮೂಲಕ. ಗುಡ್ಡ ಹತ್ತುವವರು ಬೆನ್ನಚೀಲ ಕೊಳ್ಳಲು ನಮ್ಮ ಅಂಗಡಿಗೇ ಬರುತ್ತಿದ್ದರು. ನಾನು ಪಟ್ಟಿ ಹೊಲಿಯುತ್ತ, "ಭೋರ್ ಕಡೆ ಹೋಗೋದಾದ್ರೆ ಬಂಗ್ಲೆ ಅದ್ರಿ, ಊಟ ಛಲೋ ಸಿಗತದ," ಎಂದು ನನ್ನ ಅರೆಬರೆ ಮರಾಠಿಯಲ್ಲಿ ಹೇಳುತ್ತಿದ್ದೆ. ಮೊದಲ ಸಲ ಕಳಿಸಿದ ಎಂಟು ಜನ ಸುದ್ದಿಯಿಲ್ಲದೆ ಹೋಗಿ ನಿಂತರು. ಅಂದು ವಾಡಿಯಲ್ಲಿ ಹಿಟ್ಟೇ ಇರಲಿಲ್ಲವಂತೆ. ಫೋನು ಇಲ್ಲ. ಕಾಗದ ಬರೆದರೆ ಓದುವ ಮಾಸ್ತರು ಕೆಳಗಿನ ಊರಿನವನು, ಮಳೆಗಾಲದಲ್ಲಿ ಅವನೇ ಬರುತ್ತಿರಲಿಲ್ಲ. ಆಗ ಅಕ್ಕ ಹೇಳಿಕಳಿಸಿದಳು: ದಾರ ಕಳಿಸು.

ಎಷ್ಟು ಜನವೋ ಅಷ್ಟು ಗಂಟು. ಕ್ಯಾನ್ವಾಸ್ ಹೊಲಿಯುವ ಮೇಣದ ದಾರಕ್ಕೆ ಗಂಟು ಹಾಕಿ, ಸ್ವಾರಗೇಟಿನಲ್ಲಿ ಭೋರ್ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಭೋರ್‌ದಲ್ಲಿ ಬಸ್ಸು ಬದಲಾಗುತ್ತಿತ್ತು, ದಾರವೂ ಕಂಡಕ್ಟರನಿಂದ ಕಂಡಕ್ಟರನಿಗೆ ಹೋಗುತ್ತಿತ್ತು. ಬರುವವರು ಬರದಂತಾದರೆ ಗಂಟೇ ಇಲ್ಲದ ಬರೀ ದಾರ ಕಳಿಸಬೇಕು. ಇಷ್ಟೇ ನಮ್ಮ ಟಪಾಲು. ಒಬ್ಬ ಕಂಡಕ್ಟರ್ ಮಾತ್ರ ಇದು ಯಾವುದೋ ಮಾಟ ಎಂದುಕೊಂಡು, ದಾರವನ್ನು ಕೈಯಲ್ಲಿ ಮುಟ್ಟದೆ ಟಿಕೆಟ್ ಪೆಟ್ಟಿಗೆಯ ಮೂಲೆಗೆ ಸಿಕ್ಕಿಸಿಕೊಂಡು ಒಯ್ಯುತ್ತಿದ್ದ.

ದಾರ ಬಂದಾಗ ಅಕ್ಕ ಬಂಡೆಯ ಮೇಲೆ ನಿಂತು ಅದನ್ನು ಬೆರಳಿನಲ್ಲಿ ಎಳೆಯುತ್ತ ಮನೆ ಮನೆಗೆ ಕೂಗುತ್ತಿದ್ದುದನ್ನು ನಾನು ನೋಡಿದ್ದೇನೆ. "ಸೋನೂಬಾಯಿ, ನಿನಗ ಐದು. ಗಂಗೂ, ನಿನಗ ನಾಲ್ಕು. ಹೋದ ಪಾಳಿಗೆ ನೀ ಐದು ಮಾಡೀದಿ." ಯಾರ ಪಾಳಿ, ಯಾರಿಗೆ ಎಷ್ಟು, ಎಲ್ಲ ಅವಳ ತಲೆಯಲ್ಲಿತ್ತು. ಒಂದು ದಿನವೂ ಜಗಳವಾಗಲಿಲ್ಲ. ಅತಿಥಿಗಳ ಊಟ ಮುಗಿಯುವವರೆಗೆ ದಾರ ಅವಳ ಸೊಂಟದಲ್ಲಿ, ಮುಗಿದ ಮೇಲೆ ಬಂಗ್ಲೆಯ ಗೂಟಕ್ಕೆ. ಗೂಟದಲ್ಲಿ ದಾರಗಳ ಒಂದು ಜಡೆಯೇ ಇತ್ತು.

ಒಮ್ಮೆ ಕೇಳಿದೆ, "ಅಕ್ಕಾ, ಇಲ್ಲಿ ನಿನ್ನದಂತ ಏನದ? ಖಡಕಿಗೆ ಬಂದು ಇರಬಾರದ?"

"ಅವರಿಗೆ ಹೊಲ ಅವ," ಎಂದಳು. "ನನಗ ದಾರ ಅದ. ದಾರ ಇರೂತನಕ ನನ್ನನ್ನ ಯಾರೂ ಏಳು ಅನ್ನೂದಿಲ್ಲ."

ಇನ್ನು ನನ್ನ ವಿಷಯ. ಎಪ್ಪತ್ತರ ದಶಕದ ನಡುವೆ ನಾನು ಇಪ್ಪತ್ತಮೂರರ ತರುಣ, ತಲೆಗೆ ಎಣ್ಣೆ ಹಚ್ಚಿ ನಡುಬೈತಲೆ ತೆಗೆಯುತ್ತಿದ್ದೆ. ಖಡಕಿಯಲ್ಲಿ ಫ್ಯಾಕ್ಟರಿ ನೌಕರಿಯ ಮಲ್ಲಪ್ಪನವರು ತಮ್ಮ ಮಗಳಿಗೆ ನನ್ನನ್ನು ನೋಡುತ್ತಿದ್ದರು. ಅವರದು ಇಟ್ಟಿಗೆಯ ಮನೆ. ನನ್ನದು ಅದೇ ತಗಡು. ಏನಾದರೂ ಹೇಳಲೇಬೇಕಲ್ಲ. "ನಮ್ಮಕ್ಕ ಗುಡ್ಡದ ಮ್ಯಾಲ ಬಂಗ್ಲೆ ಇಟ್ಟಾಳ್ರಿ," ಅಂದೆ. "ಪುಣೆದಿಂದ ದೊಡ್ಡ ದೊಡ್ಡ ಸಾಹೇಬರು ಬರ್ತಾರ. ಬುಕಿಂಗ್ ಎಲ್ಲಾ ನಂದಽ."

"ಹೌದನು? ಹಂಗಾರ ಒಂದ್ಸಲ ನೋಡೂಣಲ್ಲ," ಅಂದರು ಮಲ್ಲಪ್ಪನವರು. ಬರುವ ಭಾನುವಾರ ಅವರು, ಅವರ ಹೆಂಡತಿ, ತಮ್ಮ ಮತ್ತು ನಾನು ಹೋಗುವುದೆಂದು ನಿಶ್ಚಯವಾಯಿತು.

ಅದೇ ವಾರ ಮಂಗಳವಾರ ಲಿಮಯೆ ಸಾಹೇಬರು ಅಂಗಡಿಗೆ ಬಂದರು. ಒಂದು ಆಫೀಸಿನ ಹಿರಿಯ ಗುಮಾಸ್ತ, ಗುಡ್ಡದ ಹುಚ್ಚು. ಭಾನುವಾರ ಅವರ ಆಫೀಸಿನವರು ಮನೆಮಂದಿ ಸಮೇತ ನಲವತ್ತು ಜನ ಬರುತ್ತಾರೆ ಎಂದರು. ಅಷ್ಟು ದೊಡ್ಡ ಗುಂಪು ಯಾವತ್ತೂ ಹೋಗಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷ. ಮಾವನಾಗುವವರು ಬರುವ ದಿನವೇ ಬಂಗ್ಲೆ ತುಂಬಿ ತುಳುಕುತ್ತದೆ. ನಲವತ್ತು ಗಂಟು ಹಾಕಿದೆ, ಎರಡು ಸಲ ಎಣಿಸಿದೆ, ಬುಧವಾರ ಬೆಳಗಿನ ಬಸ್ಸಿಗೆ ಕೊಟ್ಟೆ.

ಶುಕ್ರವಾರ ಸಂಜೆ ಲಿಮಯೆ ಮತ್ತೆ ಬಂದರು. ಅವರ ಸಾಹೇಬರ ತಾಯಿ ತೀರಿಕೊಂಡಿದ್ದರು. "ಈ ಸಲ ಬೇಡಪ್ಪ, ಅವರಿಗೆ ತಿಳಿಸಿಬಿಡು," ಎಂದರು. ನಾನು ಒಂದು ಬರೀ ದಾರ ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟೆ, ಶನಿವಾರ ಬೆಳಗಿನ ಬಸ್ಸಿಗೆ ಎಂದು.

ಶನಿವಾರ ಬೆಳಿಗ್ಗೆ ಹಾಕಿಕೊಂಡದ್ದು ಹೊಸ ಟೆರಿಲಿನ್ ಅಂಗಿ. ಭಾನುವಾರಕ್ಕೆಂದು ಹೊಲಿಸಿದ್ದು, ಮೈಗೆ ಸರಿಯಾಗಿ ಕೂಡುತ್ತದೋ ನೋಡೋಣವೆಂದು ಒಂದು ದಿನ ಮೊದಲೇ ಹಾಕಿಕೊಂಡಿದ್ದೆ. ದಾರ ಹಳೇ ಅಂಗಿಯಲ್ಲೇ ಉಳಿಯಿತು.

ಮರೆತೆ ಎಂದು ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಕ್ಷೌರದ ಅಂಗಡಿಯಲ್ಲಿ, ಗಲ್ಲಕ್ಕೆ ಸಾಬೂನು ಹಚ್ಚಿದ್ದಾಗ, ನನಗೆ ನೆನಪಾಯಿತು. ಇನ್ನೊಂದು ಬಸ್ಸಿತ್ತು, ಎರಡು ಗಂಟೆಗೆ. ಸ್ವಾರಗೇಟಿಗೆ ಸೈಕಲ್ ಮೇಲೆ ಹೋದರೆ ಅಂಗಿ ಬೆವರುತ್ತದೆ, ಜಿಟಿಜಿಟಿ ಮಳೆ ಬೇರೆ. ನಾಳೆ ನಾನೇ ಹೋಗುತ್ತೇನಲ್ಲ, ಬಾಯಿಂದಲೇ ಹೇಳಿದರಾಯಿತು ಎಂದುಕೊಂಡೆ. ನಲವತ್ತು ಜನರ ಅಡಿಗೆ ಹಿಂದಿನ ದಿನದ ಬೀಸುವ ಕಲ್ಲಿನಿಂದಲೇ ಶುರುವಾಗುತ್ತದೆ ಎಂಬುದು ಚೀಲ ಹೊಲಿಯುವವನಿಗೆ ಹೊಳೆಯಲಿಲ್ಲ. ಅಥವಾ ಹೊಳೆಯಿತು, ನಾನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕ್ಷೌರದವನು ಗಲ್ಲ ತಿರುಗಿಸು ಎಂದ, ತಿರುಗಿಸಿದೆ.

ಶ್ರಾವಣದ ಕೊನೆ. ಗುಡ್ಡದವರಿಗೆ ಅದು ಕಣಜದ ತಳ ಕಾಣುವ ಹೊತ್ತು. ಹೊಸ ಕಾಳು ದೀಪಾವಳಿಗೆ. ಭಾನುವಾರ ಹನ್ನೊಂದಕ್ಕೆ ನಾವು ನಾಲ್ವರು ಬಸ್ಸಿಳಿದಾಗ ಹನ್ನೊಂದು ಮನೆಯ ಹೆಂಗಸರೂ ಬಂಗ್ಲೆಯ ಮುಂದೆ ನಿಂತಿದ್ದರು. ಹಸಿರು ಇಳಕಲ್ ಸೀರೆ ಉಟ್ಟು ಅಕ್ಕ ನಡುವೆ ಇದ್ದಳು. ಅದು ಅವಳ ಬಳಿ ಇದ್ದ ಒಂದೇ ಒಳ್ಳೆಯ ಸೀರೆ. ಒಳಗೆ ಬುಟ್ಟಿಬುಟ್ಟಿ ನಾಚಣಿ ಭಾಕರಿ ಎನ್ನುವ ರಾಗಿ ರೊಟ್ಟಿ, ನಾಲ್ಕು ಹಂಡೆ ಅನ್ನ, ಕಡಲೆಹಿಟ್ಟಿನ ಝುಣಕ, ಬೆಲ್ಲದ ಖೀರು. ಏಳು ಮನೆಗೆ ನಾಲ್ಕು ನಾಲ್ಕು, ನಾಲ್ಕು ಮನೆಗೆ ಮೂರು ಮೂರು ಎಂದು ಅಕ್ಕ ಹಂಚಿದ್ದಳಂತೆ. ಒಂದೂ ತಪ್ಪಿಲ್ಲ, ನೀವೇ ಕೂಡಿಸಿ ನೋಡಿ.

ತಾನೂಬಾಯಿ ನಮ್ಮ ಹಿಂದೆ ರಸ್ತೆಯತ್ತ ನೋಡಿದಳು. ಬಸ್ಸು ತಿರುಗಿ ಹೋಗುತ್ತಿತ್ತು.

"ಬಾಕಿ ಮಂಡಳಿ?" ಎಂದಳು. "ಉಳಿದ ಮಂದಿ ಹಿಂದಿನ ಗಾಡಿಗಾ, ಹಣಮಂತಾ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡು ಬಂದಿದ್ದೆ. ಲಿಮಯೆ ಬರುವುದಿಲ್ಲವಂತೆ, ನನಗೆ ತಿಳಿಸಲಾಗಲಿಲ್ಲ, ತಪ್ಪಾಯಿತು. ಮೂರು ಮಾತು. ಅಷ್ಟರಲ್ಲಿ ಮಲ್ಲಪ್ಪನವರು ನನ್ನ ಕಡೆ ತಿರುಗಿದರು.

"ಏನಂತಾರ ಇವರು? ಯಾವ ಮಂದಿ? ನೀ ಬುಕಿಂಗ್ ಮಾಡಿದ್ದಿ ಏನು?"

ಅವರ ತಮ್ಮ ಭಾಕರಿಯ ಬುಟ್ಟಿಗಳನ್ನು ನೋಡಿ ಮೆಲ್ಲಗೆ ನಗುತ್ತಿದ್ದ. ಕನ್ನಡದಲ್ಲೂ ಮರಾಠಿಯಲ್ಲೂ ಒಟ್ಟಿಗೆ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನಾ ಕಳಿಸಿದ್ದು ನಾಲ್ಕು ಗಂಟು. ನಮ್ಮ ನಾಲ್ಕು ಮಂದಿದು. ನಮ್ಮಕ್ಕ ಸಾಲಿ ಕಲಿತಾಕಿ ಅಲ್ಲ. ಎಣಿಕಿ ತಪ್ಯಾಳ."

ಹೆಂಗಸರೆಲ್ಲ ಅಕ್ಕನ ಕಡೆ ನೋಡಿದರು. ಅವಳು ನನ್ನ ಕಡೆ ನೋಡಲಿಲ್ಲ, ನನ್ನ ಅಂಗಿಯ ಕಡೆ ನೋಡಿದಳು. ಆಮೇಲೆ ಮಲ್ಲಪ್ಪನವರನ್ನು, ಅವರ ಹೆಂಡತಿಯ ಕೈಯಲ್ಲಿದ್ದ ಹಣ್ಣಿನ ಚೀಲವನ್ನು. ಸೊಂಟದ ಹತ್ತಿರ ಸೀರೆಯ ಮಡಿಕೆಯಿಂದ ಮೇಣದ ದಾರದ ತುದಿ ಬೆರಳುದ್ದ ಇಣುಕುತ್ತಿತ್ತು. ಅದು ನನಗೆ ಕಾಣುತ್ತಿತ್ತು. ನಲವತ್ತೂ ಗಂಟು ಅಲ್ಲೇ ಇದ್ದವು. ಎಳೆದು ತೋರಿಸಿದ್ದರೆ ಮುಗಿಯುತ್ತಿತ್ತು.

"ದಾರ ಎಲ್ಲಿ ಬಾಯಿ? ತೋರಿಸು," ಎಂದಳು ತಾನೂಬಾಯಿ.

ಅಕ್ಕ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಲೆಗೆ ಬಿತ್ತು," ಎಂದಳು ತನ್ನ ಮರಾಠಿಯಲ್ಲಿ.

"ನಲವತ್ತರ ದಾರ ಹಿಂದೆ ಯಾವತ್ತೂ ಬಂದಿಲ್ಲ. ನಾಲ್ಕು ನಲವತ್ತು ಹೇಗಾಯ್ತು?"

"ಗೂಟದ ಹಳೇ ದಾರ ಇದರ ಜೋಡಿ ಸಿಕ್ಕಾಗಿತ್ತು. ಕೂಡಿಸಿ ಎಣಿಸಿದೆ. ತಪ್ಪು ನಂದು."

ತಾನೂಬಾಯಿ ಅವಳನ್ನು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತೋ ಏನೋ. "ಬಂದವರಿಗೆ ನೀರು ಕೊಡಿ," ಎಂದು ಒಳಗೆ ಹೋದಳು.

ನಾವು ಉಂಡೆವು. ಹನ್ನೊಂದು ಮನೆಯವರು ಬಡಿಸುತ್ತಲೇ ಇದ್ದರು. ಮಲ್ಲಪ್ಪನವರು ಖೀರನ್ನು ಮೂರು ಸಲ ಹಾಕಿಸಿಕೊಂಡರು. ನಾನೂ ಉಂಡೆ, ಚೆನ್ನಾಗಿತ್ತು. ಆಮೇಲೆ ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು, ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು, ಮಳೆಯಲ್ಲಿ ಒಬ್ಬರ ಹಿಂದೆ ಒಬ್ಬರು ತಮ್ಮ ಮನೆಗೆ ಹೋದರು. ಒಬ್ಬಳಾದರೂ ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ ಎಂದು ಈಗ ಹೇಳಿಕೊಳ್ಳುತ್ತೇನೆ.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಕ್ಕ ಹಂಡೆ ತಿಕ್ಕುತ್ತಿದ್ದಳು.

"ಹುಡುಗಿ ಹೆಂಗದಾಳ?" ಎಂದಳು.

"ಛಲೋ ಅದಾಳ."

"ಹಂಗಾರ ಆತು. ನೀ ಹೋಗು, ಬಸ್ಸು ತಪ್ಪತದ."

ಇಳಿಯುವಾಗ ಮಲ್ಲಪ್ಪನವರು ನನ್ನ ಬೆನ್ನು ತಟ್ಟಿ, "ನಿಮ್ಮಕ್ಕಗ ಎಣಿಕಿ ಬರೂದಿಲ್ಲ ಬಿಡು, ಕೈ ರುಚಿ ಮಾತ್ರ ಭಾಳ ಅದ," ಎಂದು ನಕ್ಕರು. ನಾನು ಮೊದಲ ಸಲ ನಕ್ಕದ್ದು ಆಗ.

ಮರುವಾರ ಕಂಡಕ್ಟರ್ ನನಗೊಂದು ಕಾರ್ಡು ತಂದುಕೊಟ್ಟ. ಕೆಳಗಿನ ಊರಿನ ಮಾಸ್ತರರ ಅಕ್ಷರ. ಇನ್ನು ಮುಂದೆ ದಾರ ಬೇಡ, ಎಷ್ಟು ಜನ ಎಂದು ಕಾರ್ಡು ಬರೆಯಿರಿ, ಮಳೆಯಿದ್ದರೂ ಬಂದು ಓದಿ ಹೇಳುತ್ತೇನೆ ಎಂದು. ಅಕ್ಕನನ್ನು ಯಾರೂ ಏಳು ಅನ್ನಲಿಲ್ಲ. ಅವರು ಅಂಥವರಲ್ಲ. ಚಹಾ ಮಾಡುತ್ತಿದ್ದಳು, ನೆಲ ಸಾರಿಸುತ್ತಿದ್ದಳು. ದಾರ ಇಲ್ಲದೆ ಎರಡು ತಿಂಗಳು ಇದ್ದು, ದೀಪಾವಳಿ ಮುಗಿದ ಮೇಲೆ ಕಾಲುವೆ ಕೆಲಸದ ಒಂದು ಗುಂಪಿನ ಜೊತೆ ಹೊರಟುಹೋದಳು. ಬಂಗ್ಲೆ ನಿಲ್ಲಲಿಲ್ಲ, ಮಾಸ್ತರರ ಕಾರ್ಡಿನ ಮೇಲೆ ಚೆನ್ನಾಗಿಯೇ ನಡೆಯಿತು. ಜನರನ್ನು ಕಳಿಸುತ್ತಿದ್ದವನು ನಾನೇ. ಬರೆಯಲು ಬರುತ್ತದಲ್ಲ.

ನನ್ನ ಮದುವೆಗೆ ಅಕ್ಕ ಬಂದಳು. ಅದೇ ಹಸಿರು ಸೀರೆ. ಆರತಿ ಬೆಳಗಿದಳು, ನಾನು ಕೊಟ್ಟ ಕುಬಸ ಕಣ್ಣಿಗೆ ಒತ್ತಿಕೊಂಡಳು. ಮರುದಿನ ಹೊರಡುವಾಗ ಒಂದು ಸಣ್ಣ ಪೊಟ್ಟಣ ಕೈಯಲ್ಲಿಟ್ಟಳು. ಒಳಗೆ ಒಂದು ಉದ್ದನೆಯ ಮೇಣದ ದಾರ, ಸುರುಳಿ ಸುತ್ತಿದ್ದು. ಗಂಟು ಒಂದೂ ಇರಲಿಲ್ಲ. ಎಲ್ಲ ಬಿಚ್ಚಿದ್ದಳು.

"ದಾರ ಛಲೋ ಅದ ತಮ್ಮಾ, ಕೆಡಿಸಬ್ಯಾಡ," ಎಂದಳು. "ಹೊಲಿಯಾಕ ಬರ್ತದ."

ಹೊಲಿಯಲು ಬರಲಿಲ್ಲ. ಮೇಣದ ದಾರಕ್ಕೆ ಬಿಗಿದ ಗಂಟು ಬಿಚ್ಚಿದರೂ ಬಿದ್ದ ಸೊಟ್ಟ ಹೋಗುವುದಿಲ್ಲ. ಒಮ್ಮೆ ಪ್ರಯತ್ನಿಸಿದೆ, ಗೇಣಿಗೆ ಮೂರು ಕಡೆ ಸೂಜಿಯ ಕಣ್ಣಿನಲ್ಲಿ ತಡೆಯಿತು. ನೀರಿನಲ್ಲಿ ನೆನೆಸಿದೆ, ಕಲ್ಲಿನ ಕೆಳಗೆ ಇಟ್ಟೆ. ಕತ್ತಲಲ್ಲೂ ಬೆರಳಿನಿಂದ ಎಳೆದರೆ ನಲವತ್ತೂ ಸೊಟ್ಟ ಸಿಗುತ್ತವೆ. ಅದು ನನ್ನ ಹೊಲಿಗೆ ಪೆಟ್ಟಿಗೆಯ ಅಡಿಯಲ್ಲಿದೆ. ಸುವರ್ಣಾ ಅದನ್ನೂ ನನ್ನ ಚಟದ ದಾರಗಳಲ್ಲಿ ಒಂದು ಎಂದುಕೊಂಡಿದ್ದಾಳೆ.

ಅಕ್ಕನನ್ನು ಆಮೇಲೆ ನೋಡಿದ್ದು ಎರಡೇ ಸಲ. ಎರಡು ಸಲವೂ ಹೇಳಬೇಕೆಂದು ಹೋಗಿ, ಆರೋಗ್ಯ ಕೇಳಿ ಬಂದೆ. ಎರಡು ವರ್ಷದ ಹಿಂದೆ ಯಾವುದೋ ಕಾಲುವೆಯ ದಂಡೆಯ ಮೇಲೆ ಜ್ವರ ಬಂದು ತೀರಿಕೊಂಡಳು. ನನಗೆ ಸುದ್ದಿ ಮುಟ್ಟಿದ್ದು ಹದಿಮೂರು ದಿನಕ್ಕೆ. ಅವಳ ಗುಂಪಿನವನೊಬ್ಬ ಬಂದು ಹೇಳಿದ, "ಭಾಳ ಶಾಣ್ಯಾ ಹೆಣ್ಣುಮಗಳು ರೀ. ಇಡೀ ಗುಂಪಿನ ಹಾಜರಿ ಆಕಿನ ಬಾಯಾಗಿತ್ತು. ಒಂದು ದಿನ ತಪ್ಪಲಿಲ್ಲ."

ಹೋದ ವಾರ ಮಾವನ ಮನೆಯಲ್ಲಿ ಮಗುವಿನ ಹೆಸರಿಡುವ ಕಾರ್ಯ. ಊಟ ಜಾಸ್ತಿಯಾಗಿ ಉಳಿಯಿತು. ಅನ್ನ ಉಳಿದಾಗಲೆಲ್ಲ ಆ ಮನೆಯಲ್ಲಿ ಒಂದೇ ಕಥೆ ಹೊರಬರುತ್ತದೆ, ಹನ್ನೆರಡು ವರ್ಷದಿಂದ. ಸುವರ್ಣಾ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಕ್ಕನ ಹಾಗೆ ದಾರ ಎಳೆಯುವ ಅಭಿನಯ ಮಾಡುತ್ತಾಳೆ. ಅವಳು ಕೆಟ್ಟವಳಲ್ಲ, ಅಕ್ಕನ ಮೇಲೆ ಅವಳಿಗೆ ಪ್ರೀತಿಯೇ. ಮಾವ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾರೆ. ಮಕ್ಕಳಿಗೆ ಕಥೆ ಬಾಯಿಪಾಠ.

"ಒಂದು ಬಂಗ್ಲೆ ತುಂಬ ಭಾಕರಿ," ಎಂದಳು ಸುವರ್ಣಾ. "ನಮ್ಮಪ್ಪ ಬಸ್ಸಿಳದು ನೋಡ್ತಾನ, ನಲವತ್ತು ಮಂದಿ ಊಟ. ಇವರ ಅಕ್ಕ ನಿಂತಾಳ ಬೆಪ್ಪಾಗಿ. ಅಲ್ಲೇನ್ರಿ? ನೀವು ಎಷ್ಟು ಗಂಟು ಹಾಕಿ ಕಳಿಸಿದ್ರಿ, ಹೇಳ್ರಿ ಇವರಿಗೆ."

ಎಲ್ಲರೂ ನನ್ನ ಕಡೆ ತಿರುಗಿ ಕಾಯುತ್ತಿದ್ದರು. ನಗು ಆಗಲೇ ಅವರ ಬಾಯಿಗೆ ಬಂದಿತ್ತು. ಅಕ್ಕ ಈಗ ಇಲ್ಲ, ಮದುವೆ ಮುರಿಯುವ ಭಯವಿಲ್ಲ, ಅಂಗಿಯೂ ಹಳೆಯದು.

"ನಾಲ್ಕು," ಎಂದೆ.